ನನ್ನ ಚಿತ್ರದಲ್ಲಿ ಹಸಿರು ಜಾಸ್ತಿಯಂತೆ! ಈ ಗಾಡಿಯ ಚಿತ್ರ ಬರೆದವರ ಬಗ್ಗೆ ಗೊತ್ತಿದ್ದರೆ ಹೇಳಿ

ಸಂಕದಾಚೆ (ತೀರ್ಥಹಳ್ಳಿ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನದು ಮೂರು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ. ಬಿಡುವಾದಾಗ ಜಲವರ್ಣದಲ್ಲಿ ಚಿತ್ರ ಬರೆಯುತ್ತೇನೆ. ಯಾರ ಹತ್ತಿರವೂ ಕಲಿತವನಲ್ಲ.

ಹೋದ ವರ್ಷ ಶಿವಮೊಗ್ಗದಲ್ಲಿ ಒಂದು ಪ್ರದರ್ಶನಕ್ಕೆ ಅಂತ ನಾಲ್ಕು ಚಿತ್ರ ಕೊಟ್ಟಿದ್ದೆ. ಎಲ್ಲಾ ನಮ್ಮ ಮನೆ ಹಿಂದಿನ ಹಳ್ಳ, ಸಂಕ (ಹಳ್ಳ ದಾಟುವ ಕಾಲುಸೇತುವೆ), ಗದ್ದೆ ಬದುವಿನವೇ. ಆರಿಸುವವರಲ್ಲಿ ಒಬ್ಬರು ನೋಡಿ, "ಏನಪ್ಪಾ, ಬರೀ ಹಸಿರು, ಪಾಚಿ ಕಟ್ಟಿದ ಹಾಗಿದೆ" ಅಂದರು. ನಾಲ್ಕೂ ವಾಪಸ್. ಪ್ಲಾಸ್ಟಿಕ್ ಸುತ್ತಿ ಬೈಕಿಗೆ ಕಟ್ಟಿಕೊಂಡು ಬರುವಾಗ ಮಂಡಗದ್ದೆ ಹತ್ತಿರ ಮಳೆ ಹಿಡಿಯಿತು. ಒಂದರ ಬಣ್ಣ ಇಳಿದು ಇನ್ನೂ ಹಸಿರಾಯಿತು!

ಅದಿರಲಿ. ಈ ಬೇಸಿಗೆಯಲ್ಲಿ ಅತ್ತೆ ಮಗ ಲಂಡನ್ನಿನಿಂದ ಬಂದವನು ಒಂದು ಜಿಗ್‌ಸಾ ಪಜಲ್ ತಂದುಕೊಟ್ಟ. ಸಾವಿರ ತುಂಡು. ಮಳೆ ಹಿಡಿದ ಮೇಲೆ ಜಗಲಿಯಲ್ಲಿ ಕೂತು ಜೋಡಿಸಿದೆವು, ನಾನು ಮತ್ತು ಅಮ್ಮ. ಒಂದು ಹೊಳೆ. ನೀರಿನ ಮಧ್ಯೆ ಖಾಲಿ ಗಾಡಿ, ಕುದುರೆ ಕಟ್ಟಿದ್ದಾರೆ. ಎಡಗಡೆ ಹಳೇ ಮನೆ, ಈಚೆ ದಡದಲ್ಲಿ ಒಂದು ನಾಯಿ. ಮೇಲೆಲ್ಲ ಮೋಡ. ಆಕಾಶ ಜೋಡಿಸುವುದರಲ್ಲೇ ಒಂದು ವಾರ ಹೋಯಿತು. ಕೊನೆಗೆ ನೋಡಿದರೆ ಆಕಾಶದ ಎರಡು ತುಂಡೇ ಇಲ್ಲ.

ಆದರೆ ನಾನು ಬೆರಗಾಗಿದ್ದು ಬೇರೆಯದಕ್ಕೆ. ಅದರಲ್ಲೂ ಬರೀ ಹಸಿರೇ! ನನ್ನ ಚಿತ್ರದಷ್ಟೇ ಹಸಿರು. ಆದರೂ ಪಾಚಿ ಥರ ಕಾಣುವುದಿಲ್ಲ. ಡಬ್ಬಿಯ ಮೇಲೆ ಕಾನ್‌ಸ್ಟೇಬಲ್ ಅಂತ ಹೆಸರಿದೆ. ಯಾರಿವರು? ತಮ್ಮ ಊರನ್ನೇ ಬರೆದುಕೊಂಡು ಹೇಗೆ ಇಷ್ಟು ದೊಡ್ಡವರಾದರು? ಹೊಟ್ಟೆಗೆ ಏನು ಮಾಡುತ್ತಿದ್ದರು? ಇನ್ನೊಂದು ವಿಷಯ, ಆ ಗಾಡಿಯನ್ನು ನೀರಿನಲ್ಲಿ ಯಾಕೆ ನಿಲ್ಲಿಸಿದ್ದಾರೆ ಅಂತ ಅಮ್ಮ ದಿನಾ ಕೇಳುತ್ತಾರೆ.

ಡ್ರಾಯಿಂಗ್ ಮೇಷ್ಟ್ರು (ಸಾಗರ) ಉತ್ತರ:

ತಮ್ಮಾ, ನೀನು ಜೋಡಿಸಿದ್ದು 'ದಿ ಹೇ ವೇನ್', ಅಂದರೆ ಹುಲ್ಲಿನ ಗಾಡಿ. ಬರೆದವನು ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್. ಕ್ಲಾಸಿನಲ್ಲಿ ಈ ಹೆಸರು ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ಒಬ್ಬ "ಯಾವ ಸ್ಟೇಷನ್ನು ಸಾರ್?" ಅನ್ನುತ್ತಿದ್ದ. ನಾನು ಪಾಠ ಮಾಡಿದ 31 ವರ್ಷವೂ ಅಂಥವನೊಬ್ಬ ಇದ್ದೇ ಇರುತ್ತಿದ್ದ.

ಮೊದಲು ನಿನ್ನ ಪಾಚಿಯ ವಿಷಯಕ್ಕೆ ಬರುತ್ತೇನೆ. 1830ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಅನ್ನುವ ಕಲಾವಿದರ ಸಂಸ್ಥೆಯಲ್ಲಿ ಪ್ರದರ್ಶನಕ್ಕೆ ಚಿತ್ರ ಆರಿಸುತ್ತಿದ್ದರು. ಕಾನ್‌ಸ್ಟೇಬಲ್ ಆಗ ಅಕಾಡೆಮಿಯ ಪೂರ್ಣ ಸದಸ್ಯ, ಆರಿಸುವವರ ಜೊತೆಗೇ ಕೂತಿದ್ದ. ಸಾಲಿಸ್‌ಬರಿ ಹತ್ತಿರದ ಹುಲ್ಲುಗಾವಲಿನ ಒಂದು ಸಣ್ಣ ಚಿತ್ರ ಎದುರಿಗೆ ಬಂತು. ಯಾರದೆಂದು ತಿಳಿಯದೆ ಅವರಲ್ಲಿ ಒಬ್ಬ, ಅಸಹ್ಯ ಹಸಿರು, ಆಚೆ ಇಡಿ ಅಂದುಬಿಟ್ಟ. ಅದು ಕಾನ್‌ಸ್ಟೇಬಲ್‌ನದೇ! ಗೊತ್ತಾದ ಮೇಲೆ ಎಲ್ಲರಿಗೂ ಪೇಚು. ಇರಲಿ, ತಗೊಳ್ಳೋಣ ಅಂದರು. ಇವನು ಒಪ್ಪಲಿಲ್ಲ, ವಾಪಸ್ ತೆಗೆದುಕೊಂಡ. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಹಾಗಾಗಿ ನೀನೇನೂ ಬೇಜಾರು ಮಾಡಿಕೊಳ್ಳಬೇಡ.

ಆ ಕಾಲದಲ್ಲಿ ಒಳ್ಳೆಯ ನಿಸರ್ಗಚಿತ್ರ ಅಂದರೆ ಕಂದು ಬಣ್ಣ ಇರಬೇಕಿತ್ತು. ಹಳೇ ಚಿತ್ರಗಳ ವಾರ್ನಿಷ್ ಕಂದಾಗಿ ಕಂದಾಗಿ ಜನರ ಕಣ್ಣು ಅದಕ್ಕೇ ಒಗ್ಗಿಹೋಗಿತ್ತು. ಸರ್ ಜಾರ್ಜ್ ಬೋಮಾಂಟ್ ಅಂತ ಒಬ್ಬ ಶ್ರೀಮಂತ ಇದ್ದ. ಕಾನ್‌ಸ್ಟೇಬಲ್‌ಗೆ ಹುಡುಗುತನದಿಂದಲೂ ಬೇಕಾದವನೇ. ಚಿತ್ರದ ಒಟ್ಟು ಬಣ್ಣ ಹಳೇ ಪಿಟೀಲಿನ ಹಾಗೆ ಇರಬೇಕು ಅಂತ ಅವನ ವಾದ. ಕಾನ್‌ಸ್ಟೇಬಲ್ ಮಾತಾಡಲಿಲ್ಲ. ಒಂದು ಹಳೇ ಪಿಟೀಲು ತಂದು ಮನೆ ಎದುರಿನ ಹುಲ್ಲಿನ ಮೇಲೆ ಮಲಗಿಸಿದನಂತೆ. ನೀವೇ ನೋಡಿಕೊಳ್ಳಿ ಅಂತ.

ಇದನ್ನು ಓದಿದಾಗ ನನಗೆ ನಮ್ಮ ಸ್ಕೂಲಿನ 'ಸೀನರಿ' ನೆನಪಾಗುತ್ತದೆ. ಎರಡು ತ್ರಿಕೋನದ ಗುಡ್ಡ, ನಡುವೆ ಕಿರಣ ಬಿಟ್ಟ ಸೂರ್ಯ, ಒಂದು ತೆಂಗಿನ ಮರ, ನಾಲ್ಕು ಹಕ್ಕಿ. ನನ್ನ ಕ್ಲಾಸಿನಲ್ಲಿ ಆಗುಂಬೆ ಕಡೆಯಿಂದ ಬಂದ ಹುಡುಗಿ ಒಬ್ಬಳಿದ್ದಳು. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಬೀಳುವ ಊರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪ. ಅವಳೂ ಅದೇ ಸೂರ್ಯ ಬರೆಯುತ್ತಿದ್ದಳು. ನಾನೂ ಹತ್ತಕ್ಕೆ ಎಂಟು ಕೊಡುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಇನ್ನು ಅವನ ಬದುಕು. ಹುಟ್ಟಿದ್ದು 1776ರ ಜೂನ್ 11ರಂದು, ಸಫೋಕ್ ಜಿಲ್ಲೆಯ ಈಸ್ಟ್ ಬರ್ಗ್‌ಹೋಲ್ಟ್ ಅನ್ನುವ ಹಳ್ಳಿಯಲ್ಲಿ. ಅಪ್ಪ ಗೋಲ್ಡಿಂಗ್ ಕಾನ್‌ಸ್ಟೇಬಲ್ ಧಾನ್ಯದ ವ್ಯಾಪಾರಿ. ಸ್ಟೌರ್ ಹೊಳೆಯ ಮೇಲೆ ಫ್ಲಾಟ್‌ಫರ್ಡ್‌ನಲ್ಲಿ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ, ಪಕ್ಕದ ಡೆಡಮ್‌ನಲ್ಲಿ ಇನ್ನೊಂದು. ಲಂಡನ್ನಿಗೆ ಧಾನ್ಯ ಸಾಗಿಸಲು ಸ್ವಂತ ಹಡಗು ಬೇರೆ. ಅಣ್ಣನಿಗೆ ಬುದ್ಧಿ ಅಷ್ಟು ಬೆಳೆದಿರಲಿಲ್ಲ, ಹಾಗಾಗಿ ವ್ಯಾಪಾರ ಜಾನ್ ಹೆಗಲಿಗೆ ಅಂತ ಮನೆಯವರು ಲೆಕ್ಕ ಹಾಕಿದ್ದರು. ಒಂದು ವರ್ಷ ಅಪ್ಪನ ಗಾಳಿಗಿರಣಿಯಲ್ಲಿ ಕೆಲಸವನ್ನೂ ಮಾಡಿದ. ಗಾಳಿಗಿರಣಿ ನೋಡಿಕೊಳ್ಳುವವನಿಗೆ ಆಕಾಶದ ಮೇಲೆ ಕಣ್ಣಿರಲೇಬೇಕು. ಮೋಡ ಕಂಡ ಕೂಡಲೇ ಅಂಗಳದ ಅಡಿಕೆ ಬಾಚುವ ನಮ್ಮವರ ಹಾಗೆ.

ಆ ಒಂದು ವರ್ಷ ಅವನ ಜೀವಮಾನಕ್ಕೆಲ್ಲ ಆಯಿತು ಅಂತ ನನ್ನ ಅಭಿಪ್ರಾಯ. ಅವನ ತಮ್ಮ ಏಬ್ರಂ, ಕೊನೆಗೆ ಗಿರಣಿ ನಡೆಸಿದವನು, ಒಂದು ಮಾತು ಹೇಳಿದ್ದ. ಜಾನ್ ಬರೆದ ಗಿರಣಿ ನೋಡಿದರೆ ಅದು ತಿರುಗುತ್ತದೆ ಅಂತ ನನಗೆ ಗೊತ್ತಾಗುತ್ತದೆ, ಬೇರೆಯವರು ಬರೆದದ್ದರಲ್ಲಿ ಯಾವಾಗಲೂ ಹಾಗಾಗುವುದಿಲ್ಲ ಅಂತ. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ಊರಿನಲ್ಲಿ ಅವನ ಜೊತೆಗಾರ ಜಾನ್ ಡನ್‌ಥಾರ್ನ್. ಕೊಳಾಯಿ, ಕಿಟಕಿ ಗಾಜಿನ ಕೆಲಸದವನು. ಇಬ್ಬರೂ ಹೊಲದಲ್ಲಿ ಕೂತು ಬರೆಯುತ್ತಿದ್ದರು. 1799ರಲ್ಲಿ ಅಪ್ಪ ಅರೆಮನಸ್ಸಿನಿಂದ ಒಪ್ಪಿದ ಮೇಲೆ ಲಂಡನ್ನಿಗೆ ಹೋಗಿ ಅಕಾಡೆಮಿಯ ಶಾಲೆ ಸೇರಿದ. 1802ರಲ್ಲಿ ಒಂದು ಸೇನಾ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರ ಕೆಲಸ ಸಿಗುವ ಹಾಗಿತ್ತು. ಬೇಡ ಅಂದ. (ನಾನು ಹೂಂ ಅಂದೆ. ಅವನು ಅವನಾದ, ನಾನು ನಾನಾದೆ.) ಹೊಟ್ಟೆಗೆ ಏನು ಮಾಡುತ್ತಿದ್ದರು ಅಂತ ಕೇಳಿದ್ದೀಯಲ್ಲ? ಸುತ್ತಮುತ್ತಲಿನ ಜನರ ಭಾವಚಿತ್ರ ಬರೆಯುತ್ತಿದ್ದ. ಅಪ್ಪ ಕೈಖರ್ಚಿಗೆ ಕೊಡುತ್ತಿದ್ದರು.

1819ರಲ್ಲಿ 'ದಿ ವೈಟ್ ಹಾರ್ಸ್' ಅನ್ನುವ ಆರಡಿ ಅಗಲದ ಚಿತ್ರ ಬರೆದ. ಗೆಳೆಯ ಜಾನ್ ಫಿಶರ್ ಅದನ್ನು 100 ಗಿನಿಗೆ (ಗಿನಿ ಅಂದರೆ ಆಗಿನ ಇಂಗ್ಲೆಂಡಿನ ದುಡ್ಡಿನ ಲೆಕ್ಕ) ಕೊಂಡ. ಆಮೇಲೆ ಅದೇ ಅಳತೆಯವು ಒಂದರ ಹಿಂದೆ ಒಂದು, ಹೆಚ್ಚಿನವು ಆ ಒಂದೇ ಹೊಳೆಯ ಒಂದೆರಡು ಮೈಲಿಯವು. ನಿನ್ನ ಗಾಡಿಯ ಚಿತ್ರ 1821ರದ್ದು. ಅಕಾಡೆಮಿಯಲ್ಲಿ ತೂಗುಹಾಕಿದಾಗ ಕೊಳ್ಳುವವರಿಲ್ಲ. 1824ರಲ್ಲಿ ಪ್ಯಾರಿಸ್ಸಿನ ವ್ಯಾಪಾರಿಯೊಬ್ಬ ಇದನ್ನೂ ಇನ್ನೆರಡು ಚಿತ್ರಗಳನ್ನೂ ಸೇರಿಸಿ 250 ಪೌಂಡಿಗೆ ಕೊಂಡ. ಅದೇ ವರ್ಷ ಪ್ಯಾರಿಸ್ ಸಲೋನ್ ಅನ್ನುವ ದೊಡ್ಡ ಚಿತ್ರಪ್ರದರ್ಶನದಲ್ಲಿ ಇಟ್ಟಾಗ ಫ್ರಾನ್ಸಿನ ರಾಜ 10ನೇ ಚಾರ್ಲ್ಸ್ ಚಿನ್ನದ ಪದಕ ಕೊಟ್ಟ. ಊರಿನವರಿಗೆ ಬೇಡವಾದದ್ದು ಹೊಳೆ ದಾಟಿದರೆ ಬೇಕಾಯಿತು ನೋಡು! ಇವನು ಮಾತ್ರ ಪದಕ ತಗೊಳ್ಳುವುದಕ್ಕೂ ಹೋಗಲಿಲ್ಲ. ಬದುಕಿರುವವರೆಗೂ ಇಂಗ್ಲೆಂಡ್ ಬಿಟ್ಟು ಹೊರಗೆ ಕಾಲಿಡಲಿಲ್ಲ.

ಆ ಹೊತ್ತಿನ ದೊಡ್ಡ ಫ್ರೆಂಚ್ ಚಿತ್ರಕಾರ ದೆಲಾಕ್ರಾ. ಕಾನ್‌ಸ್ಟೇಬಲ್ ತನ್ನ ಹುಲ್ಲುಗಾವಲಿನ ಹಸಿರಿನ ಬಗ್ಗೆ ಏನು ಹೇಳುತ್ತಿದ್ದ ಅನ್ನುವುದನ್ನು ಅವನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅದು ಒಂದು ಹಸಿರಲ್ಲ, ಬೇರೆ ಬೇರೆ ಹಸಿರುಗಳ ಗುಂಪು, ಅದಕ್ಕೇ ಅದಕ್ಕೆ ಜೀವ ಅಂತ. ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ. ನೀನು ಟ್ಯೂಬಿನಲ್ಲಿ ಬರುವ ಹಸಿರನ್ನೇ ನೀರು ಸೇರಿಸಿ ಬಳಿಯುತ್ತಿದ್ದೀಯ ಅಂತ ನನ್ನ ಅನುಮಾನ. ಹೌದು ತಾನೆ? ಅಗೆಮಡಿಯ ಹಸಿರು ಬೇರೆ, ಅಡಿಕೆ ಸೋಗೆಯದು ಬೇರೆ, ಬಾಳೆಯ ಸುಳಿ ಬೇರೆ, ಹಲಸಿನ ಎಲೆ ಬೇರೆ. ಸಂಕದ ಕೆಳಗಿನ ನೀರಿನಲ್ಲಿ ಕಾಣುವುದು ಇನ್ನೂ ಬೇರೆ. ಕೊಳೆರೋಗಕ್ಕೆ ಬೋರ್ಡೋ ಹೊಡೆದ ಮರುದಿನ ಗೊನೆಗಳ ಮೇಲೆ ಮೈಲುತುತ್ತದ ನೀಲಿ ಕೂತಿರುತ್ತದಲ್ಲ, ಅದನ್ನು ನೀನಲ್ಲದೆ ಯಾರು ಬರೆಯಬೇಕು?

2016ರಲ್ಲಿ ಮಗಳು ನನ್ನನ್ನು ಲಂಡನ್ನಿಗೆ ಕರೆಸಿಕೊಂಡಿದ್ದಳು. ನ್ಯಾಷನಲ್ ಗ್ಯಾಲರಿಗೆ ಟಿಕೆಟ್ ಇಲ್ಲ, ಹಾಗಾಗಿ ಮೂರು ದಿನ ಹೋದೆ. ಚಿತ್ರ 130 ಸೆಂಟಿಮೀಟರ್ ಎತ್ತರ, 185 ಅಗಲ. ಮೂಗು ತಾಗುವಷ್ಟು ಹತ್ತಿರ ಹೋಗಿ ಕಾವಲಿನವನ ಹತ್ತಿರ ಹೇಳಿಸಿಕೊಂಡೆ. ಹತ್ತಿರದಿಂದ ನೋಡಿದರೆ ನೀರೇ ಇಲ್ಲ! ಕಂದು, ಬೂದು, ಅದರ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ, ಸುಣ್ಣ ಸಿಡಿದ ಹಾಗೆ. ಐದು ಹೆಜ್ಜೆ ಹಿಂದೆ ಬಂದರೆ ನೀರು ಹೊಳೆಯುತ್ತದೆ. ಆ ಬಿಳಿ ಚುಕ್ಕೆಗಳನ್ನು ಆಗಿನವರು 'ಕಾನ್‌ಸ್ಟೇಬಲ್‌ನ ಹಿಮ' ಅಂತ ಆಡಿಕೊಳ್ಳುತ್ತಿದ್ದರು. ಕುದುರೆಗಳ ಕೊರಳ ಹತ್ತಿರದ ಕೆಂಪು ಗಮನಿಸಿದ್ದೀಯಾ? ಅಷ್ಟು ಹಸಿರಿನ ನಡುವೆ ಅದೊಂದು ಚೂರು. ಬೆರಳಲ್ಲಿ ಅದನ್ನು ಮುಚ್ಚಿ ನೋಡು, ಇಡೀ ಚಿತ್ರ ಮಂಕಾಗುತ್ತದೆ. ನಿನ್ನ ಪಜಲ್‌ನಲ್ಲೂ ಗೊತ್ತಾಗುತ್ತದೆ.

ಹಳೇಗಾಡಿ (ಹೊಸನಗರ) ಉತ್ತರ:

ಚಿತ್ರಕಲೆ ನನಗೆ ಗೊತ್ತಿಲ್ಲ. ಆದರೆ ಗಾಡಿ ವಿಷಯ ನಾನು ಹೇಳಬಲ್ಲೆ. ನಮ್ಮ ಅಜ್ಜನ ಮನೆಯಲ್ಲಿ ಎತ್ತಿನಗಾಡಿ ಇತ್ತು. ಬೇಸಿಗೆಯಲ್ಲಿ ಚಕ್ರದ ಮರ ಒಣಗಿ ಕುಗ್ಗುತ್ತದೆ. ಆಗ ಮೇಲಿನ ಕಬ್ಬಿಣದ ಪಟ್ಟಿ ಸಡಿಲಾಗಿ ದಾರಿಯಲ್ಲಿ ಲಟಲಟ ಅನ್ನುತ್ತದೆ. ಹಾಗೇ ಹೊಡೆದರೆ ಪಟ್ಟಿ ಕಳಚಿ ಬೀಳುತ್ತದೆ. ಅದಕ್ಕೆ ಅಜ್ಜ ಗಾಡಿಯನ್ನು ಹೊಳೆಗೆ ಇಳಿಸಿ ನಿಲ್ಲಿಸುತ್ತಿದ್ದರು. ಮರ ನೀರು ಕುಡಿದು ಉಬ್ಬಿದರೆ ಪಟ್ಟಿ ಬಿಗಿ. ಎತ್ತೂ ನೀರು ಕುಡಿಯುತ್ತಿದ್ದವು, ನಾವು ಹುಡುಗರು ಗಾಡಿ ಮೇಲಿಂದ ಹಾರುತ್ತಿದ್ದೆವು.

ಫೋನಿನಲ್ಲಿ ಚಿತ್ರ ಹುಡುಕಿ ನೋಡಿದೆ. ಖಾಲಿ ಗಾಡಿ, ಹುಲ್ಲು ಕೊಯ್ಯುವ ಕಾಲ, ಅಂದರೆ ಅಲ್ಲೂ ಬೇಸಿಗೆ. ದಾಟಿ ಆಚೆ ಹೋಗುವ ದಾರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದ್ದಾನೆ. ಅಮ್ಮನಿಗೆ ಹೇಳಿ.

ಹೊಳೆಬದಿ (ಶಿವಮೊಗ್ಗ) ಉತ್ತರ:

ಮೇಷ್ಟ್ರೇ, ನೀವು ಬರೆದದ್ದು ಚೆನ್ನಾಗಿದೆ. ಆದರೆ ಒಂದು ತಕರಾರು. ಅಪ್ಪನಿಗೆ ಎರಡು ಗಿರಣಿ, ಒಂದು ಹಡಗು ಇದ್ದವನು ಮೇಷ್ಟ್ರ ಕೆಲಸ ಬೇಡ ಅನ್ನಬಹುದು. ಮೂರು ಎಕರೆ ತೋಟದವನಿಗೆ ಇವನನ್ನು ಮಾದರಿ ಅಂತ ತೋರಿಸಿದರೆ ಹೇಗೆ? ಇನ್ನೊಂದು, ಹಳ್ಳಿ ಹಳ್ಳಿ ಅಂತೀರಿ, ಗಾಡಿಯ ಚಿತ್ರ ಬರೆದದ್ದು ಲಂಡನ್ನಿನ ಮನೆಯಲ್ಲಿ ಕೂತು. ಗಾಡಿ ಹೇಗಿರುತ್ತದೆ ಅಂತ ನೆನಪಿಲ್ಲದೆ ಊರಿನಿಂದ ಸ್ಕೆಚ್ ತರಿಸಿಕೊಂಡನಂತಲ್ಲ.

ಮತ್ತೆ, ನಿಮ್ಮ ಸಾಗರದ ಸುತ್ತಮುತ್ತಲೇ ದೀವರ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಮದುವೆಗೆ ಬರೆಯುತ್ತಾರೆ, ಹೆಸರು ಹಾಕುವುದಿಲ್ಲ. ಅದನ್ನು ಬಿಟ್ಟು ಇಂಗ್ಲೆಂಡಿನವನ ಹತ್ತಿರ ಕಲಿಯಬೇಕಾ?

ಡ್ರಾಯಿಂಗ್ ಮೇಷ್ಟ್ರು (ಸಾಗರ) ಉತ್ತರ:

ಹೊಳೆಬದಿಯವರೇ, ತಕರಾರು ಸರಿಯಾಗಿದೆ. ದುಡ್ಡಿನ ವಿಷಯ ನಾನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟೆ. ಅಪ್ಪನ ದುಡ್ಡು ಇಲ್ಲದಿದ್ದರೆ ಕಾನ್‌ಸ್ಟೇಬಲ್ ಇಲ್ಲ. ಇಂಗ್ಲೆಂಡಿನಲ್ಲಿ ಬದುಕಿದ್ದಾಗ ಅವನ ಚಿತ್ರ ಮಾರಾಟವಾದದ್ದು ಸುಮಾರು 20 ಅಷ್ಟೇ. ಗಾಡಿಯ ಸ್ಕೆಚ್ ಮಾತೂ ನಿಜ. ತಮ್ಮ ಏಬ್ರಂ ಮೂಲಕ ಕಳಿಸಿಕೊಟ್ಟವನು ಆ ಡನ್‌ಥಾರ್ನ್‌ನ ಮಗ.

ಆದರೆ ದುಡ್ಡಿದ್ದೂ ಸುಖವಾಗಿರಲಿಲ್ಲ. ಮರಾಯ ಬಿಕ್ನೆಲ್ ಅನ್ನುವ ಹುಡುಗಿಯ ಮೇಲೆ 1809ರಿಂದ ಮನಸ್ಸು. ಅವಳ ಅಜ್ಜ ಊರಿನ ಚರ್ಚಿನ ಪಾದ್ರಿ, ಭಾರಿ ಆಸ್ತಿವಂತ. ಬಣ್ಣ ಬಳಿಯುವವನಿಗೆ ಮೊಮ್ಮಗಳನ್ನು ಕೊಡುವುದಿಲ್ಲ ಅಂತ ಹಟ ಹಿಡಿದ. ಏಳು ವರ್ಷ ಕಾಗದದಲ್ಲೇ ಕಳೆದರು. 1816ರಲ್ಲಿ ಅಪ್ಪ ತೀರಿಕೊಂಡು ಪಾಲು ಬರುವ ಹಾಗಾದ ಮೇಲೆ ಮದುವೆಯಾಯಿತು. ಅವಳ ಕಡೆಯಿಂದ ಧಾರೆಗೆ ಯಾರೂ ಬರಲಿಲ್ಲ ಅನ್ನಿ. ಮಂತ್ರ ಹೇಳಿದವನು ಆ ಗೆಳೆಯ ಫಿಶರ್, ಅವನೂ ಪಾದ್ರಿಯೇ. ಏಳು ಮಕ್ಕಳಾದವು. 1828ರ ನವೆಂಬರ್‌ನಲ್ಲಿ ಮರಾಯ ಕ್ಷಯದಿಂದ ಹೋದಳು, ವಯಸ್ಸು 40. ಅಕಾಡೆಮಿ ಅವನನ್ನು ಪೂರ್ಣ ಸದಸ್ಯ ಅಂತ ಆರಿಸಿದ್ದು ಅದಾಗಿ ಮೂರು ತಿಂಗಳಿಗೆ, ಒಂದೇ ಮತದ ಅಂತರದಲ್ಲಿ. ಆಗ ಅವನಿಗೆ 52. ಅವನಿಗಿಂತ ಒಂದೇ ವರ್ಷ ದೊಡ್ಡವನಾದ ಇನ್ನೊಬ್ಬ ನಿಸರ್ಗ ಚಿತ್ರಕಾರ ಟರ್ನರ್‌ಗೆ ಅದು 26ಕ್ಕೇ ಸಿಕ್ಕಿತ್ತು. ಹಂಚಿಕೊಳ್ಳಲು ಯಾರೂ ಇಲ್ಲದ ಮೇಲೆ ಬಂತು ಅಂದನಂತೆ. ಆಮೇಲೆ ಸಾಯುವವರೆಗೆ ಕಪ್ಪು ಬಟ್ಟೆಯೇ. 1837ರ ಮಾರ್ಚ್ 31ಕ್ಕೆ ಹೋದ. ಹ್ಯಾಂಪ್‌ಸ್ಟೆಡ್‌ನಲ್ಲಿ ಹೆಂಡತಿಯ ಜೊತೆಗೇ ಮಣ್ಣು ಮಾಡಿದರು.

ಹಸೆ ಚಿತ್ತಾರದ ವಿಷಯ ಬೇರೆಯೇ ಒಂದು ದಿನ ಮಾತಾಡೋಣ, ಅದಕ್ಕೆ ಇಷ್ಟು ಜಾಗ ಸಾಲದು. ನನ್ನ ಜೊತೆ ಕೆಲಸ ಮಾಡುತ್ತಿದ್ದವರ ಮನೆಯ ಗೋಡೆಯ ಮೇಲೆ ಬರೆಯುವುದನ್ನು ನೋಡಿದ್ದೇನೆ. ಆ ಅಜ್ಜಿ ಸ್ಕೇಲ್ ಇಲ್ಲದೆ ಎಳೆದ ಗೆರೆ ನನ್ನ ಕೈಯಲ್ಲಿ ಈ ಜನ್ಮಕ್ಕೆ ಬರುವುದಿಲ್ಲ. ಆದರೆ ಸಂಕದಾಚೆಯ ತಮ್ಮ ಕೇಳಿದ್ದು ಹಸಿರಿನ ಬಗ್ಗೆ, ಅವನ ಊರಿನ ಹಸಿರೆಂದರೆ ಮಳೆ. ಮಳೆಗೆ ಕಾನ್‌ಸ್ಟೇಬಲ್ಲೇ ಗುರು. ಫ್ಯೂಸ್ಲಿ ಅಂತ ಇನ್ನೊಬ್ಬ ಚಿತ್ರಕಾರ ಅಕಾಡೆಮಿಯ ಬಾಗಿಲಲ್ಲಿ ಕೊಡೆ ಕೇಳುತ್ತಿದ್ದನಂತೆ, ಕಾನ್‌ಸ್ಟೇಬಲ್‌ನ ಚಿತ್ರ ನೋಡಬೇಕು ಕೊಡಿ ಅಂತ!

ತಮ್ಮಾ, ಮುಖ್ಯವಾದ್ದೇ ಬಿಟ್ಟಿದ್ದೆ. ಹೆಂಡತಿಯ ಆರೋಗ್ಯಕ್ಕೆ ಅಂತ ಅವನು ಹ್ಯಾಂಪ್‌ಸ್ಟೆಡ್ ಅನ್ನುವ ಗುಡ್ಡದ ಮೇಲೆ ಮನೆ ಹಿಡಿದಿದ್ದ. 1821 ಮತ್ತು 1822ರಲ್ಲಿ ಅಲ್ಲಿ ಬರೀ ಮೋಡಗಳನ್ನೇ ಬರೆದ, ನೂರರ ಹತ್ತಿರ. ಸಣ್ಣ ಕಾಗದ, ಎಣ್ಣೆ ಬಣ್ಣ, ಒಂದೊಂದಕ್ಕೆ ಜಾಸ್ತಿ ಅಂದರೆ ಒಂದು ಗಂಟೆ. ಹಿಂದೆ ತಾರೀಕು, ಹೊತ್ತು, ಗಾಳಿ ಯಾವ ದಿಕ್ಕು ಅಂತ ಬರೆದಿಡುತ್ತಿದ್ದ. 1821ರ ಸೆಪ್ಟೆಂಬರ್ 11ರ ಒಂದು ಚಿತ್ರದ ಹಿಂದೆ ಹೀಗಿದೆ: ಬೆಳಿಗ್ಗೆ 10ರಿಂದ 11, ಸೆಕೆ, ಮೋಡ ಬೆಳ್ಳಿಬೂದು, ನೈಋತ್ಯಕ್ಕೆ ತಿಳಿ ಗಾಳಿ, ದಿನವೆಲ್ಲ ಹೊಳವು, ಆದರೆ ರಾತ್ರಿ ಮಳೆ ಬಂತು. ಆ ಕೊನೆಯ ಮಾತು ನೋಡು. ಬೆಳಿಗ್ಗೆ 11ಕ್ಕೆ ಚಿತ್ರ ಮುಗಿದಿದೆ. ರಾತ್ರಿ ಮಳೆ ಬಂದದ್ದನ್ನು ಬರೆಯಬೇಕಾದರೆ ಅವನು ಮಾರನೇ ದಿನ ಮತ್ತೆ ಆ ಕಾಗದ ತಿರುಗಿಸಿ ಕೈಗೆತ್ತಿಕೊಂಡಿರಬೇಕು. ಈ ಥರದ ಮೋಡಕ್ಕೆ ಮಳೆ ಬರುತ್ತದೋ ಇಲ್ಲವೋ ಅಂತ ಲೆಕ್ಕ ಇಡುತ್ತಿದ್ದ. ಅದು ಗಿರಣಿಯವನ ಬುದ್ಧಿ. ಕೊಯ್ಲಿಗೆ ಮುಂಚೆ ಪಡುವಣ ದಿಕ್ಕು ನೋಡುವ ನಿನ್ನ ಅಪ್ಪನಿಗೂ ಇರುತ್ತದೆ, ನಿನಗೂ ಇದೆ. ಶಿವಮೊಗ್ಗದಲ್ಲಿ ನಿನ್ನ ಚಿತ್ರ ವಾಪಸ್ ಕಳಿಸಿದವರಿಗೆ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.

ಸಂಕದಾಚೆ (ತೀರ್ಥಹಳ್ಳಿ ತಾಲ್ಲೂಕು) ಉತ್ತರ:

ಮೇಷ್ಟ್ರೇ, ಟ್ಯೂಬಿನ ಹಸಿರು ಹೌದು. ಒಂದೇ ಟ್ಯೂಬು. ಹೇಗೆ ಗೊತ್ತಾಯಿತು ನಿಮಗೆ! ಮೊನ್ನೆ ಅದನ್ನು ಡಬ್ಬಿಯಿಂದ ತೆಗೆದು ಅಕ್ಕನ ಮಗಳಿಗೆ ಕೊಟ್ಟೆ. ಈಗ ನೀಲಿ ಎರಡು, ಹಳದಿ ಮೂರು, ಒಂದು ಕಾವಿ ಇಟ್ಟುಕೊಂಡಿದ್ದೇನೆ. ನಿನ್ನೆ ಸಂಕದ ಹತ್ತಿರ ಕೊಡೆ ಕಟ್ಟಿಕೊಂಡು ಕೂತೆ. ಕಲಸಿದ ಹಸಿರು ಲೆಕ್ಕ ಹಾಕಿದರೆ ಹನ್ನೊಂದು ಬಂತು. ಚಿತ್ರ ಇನ್ನೂ ಸರಿ ಬಂದಿಲ್ಲ. ಎಡಗಡೆಯ ಬಿದಿರು ಮಾತ್ರ ಬಿದಿರಿನ ಹಾಗಿದೆ.

ಹೊಳೆಬದಿ ಅಣ್ಣಾ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ನಾನು ತೋಟ ಬಿಡುವುದಿಲ್ಲ. ಬಿಟ್ಟರೆ ಬರೆಯುವುದಕ್ಕೂ ಏನೂ ಉಳಿಯುವುದಿಲ್ಲ ನನಗೆ.

ಅಮ್ಮನಿಗೆ ಗಾಡಿಯ ವಿಷಯ ಹೇಳಿದೆ. "ಅಷ್ಟೂ ಗೊತ್ತಿಲ್ವಾ ನಿಂಗೆ, ನಾವು ಸೌದೆ ಗಾಡಿ ನಿಲ್ಲಿಸ್ತಿರಲಿಲ್ವಾ" ಅಂದರು. ಹಾಗಾದರೆ ಇಷ್ಟು ದಿನ ಯಾಕೆ ಕೇಳುತ್ತಿದ್ದರೋ! ಇಂಗ್ಲೆಂಡಿನವರಿಗೂ ಅದೇ ಬುದ್ಧಿ ಇತ್ತಾ ಅಂತ ಖಾತ್ರಿ ಮಾಡಿಕೊಳ್ಳುತ್ತಿದ್ದರಂತೆ.

ಕಾಗದದ ಹಿಂದೆ ಬರೆಯಲು ಶುರು ಮಾಡಿದ್ದೇನೆ. ತಾರೀಕಿನ ಬದಲು ಮಳೆ ನಕ್ಷತ್ರ ಹಾಕಿದೆ, ನಮಗೆ ಅದೇ ವಾಸಿ ಅಲ್ವಾ? ನಿನ್ನೆಯದರ ಹಿಂದೆ ಹೀಗಿದೆ: "ಪುನರ್ವಸು. ಮಧ್ಯಾಹ್ನ 3 ಗಂಟೆ. ಪಡುವಣ ಗಾಳಿ. ಮೋಡ ಗುಡ್ಡದ ಅರ್ಧಕ್ಕೆ ಇಳಿದಿದೆ. ಹತ್ತು ನಿಮಿಷ ಹೊಳವು." ಇವತ್ತು ಬೆಳಿಗ್ಗೆ ಕಾಗದ ತಿರುಗಿಸಿ ಇನ್ನೊಂದು ಸಾಲು ಸೇರಿಸಿದೆ: "ರಾತ್ರಿಯಿಡೀ ಹೊಯ್ಯಿತು, ಸಂಕ ಮುಳುಗಿದೆ."

ಒಂದೇ ಒಂದು ಪ್ರಶ್ನೆ ಉಳಿದಿದೆ. ಈ ತೇವಕ್ಕೆ ಕಾಗದಕ್ಕೆಲ್ಲ ಬೂಸಲು ಹಿಡಿಯುತ್ತಿದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೂಸಲು ಇಲ್ಲ, ಆದರೆ ಹೊಗೆ ಕೂತು ಎಲ್ಲಾ ಪಿಟೀಲಿನ ಬಣ್ಣಕ್ಕೆ ತಿರುಗುತ್ತಿದೆ. ಏನು ಮಾಡಲಿ?